ಕತ್ತು ಮಣಿಸಿದರೆ ಕುದುರೆ ಮಣಿಯೋದಿಲ್ಲ

ಕುದುರೆಯ ಬಾಯಲ್ಲಿ ರಕ್ತ ಬಂದದ್ದನ್ನು ನಾನು ಎರಡು ಸಲ ನೋಡಿದ್ದೇನೆ. ಒಂದು ಸಲ ಆಳಂದದ ಮದುವೆ ಮೆರವಣಿಗೆಯಲ್ಲಿ, ಇನ್ನೊಂದು ಸಲ ಬೆಂಗಳೂರಿನ ಹೊರವಲಯದ ಒಂದು ರೈಡಿಂಗ್ ಸ್ಕೂಲಿನಲ್ಲಿ. ಮೊದಲನೆಯದನ್ನು ಮಾಡಿದವನು ಅಫಜಲಪುರ ಕಡೆಯ ಒಬ್ಬ ಹುಡುಗ, ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಎರಡನೆಯದನ್ನು ಮಾಡಿದವನು ನಾನು, ಇಂಜಿನಿಯರಿಂಗ್ ಮುಗಿಸಿ ಹನ್ನೊಂದು ವರ್ಷ ಆದವನು.

ಕಳೆದ ವರ್ಷ ಮೇ ತಿಂಗಳು, ನಮ್ಮ ದೊಡ್ಡವ್ವನ ಮಗನ ಮದುವೆ. ಕಲಬುರಗಿ ಜಿಲ್ಲೆಯ ಮೇ ಅಂದರೆ ಗೊತ್ತಲ್ಲ, ಸಂಜೆ ಆರಕ್ಕೂ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತೆ. ಮದುಮಗನಿಗೆ ಕುದುರೆ ನಮ್ಮ ಸೋದರಮಾವನದು. ಮಾವ ಇರೋದು ಜೇವರ್ಗಿ ತಾಲ್ಲೂಕಿನ ಭೀಮೆ ದಂಡೆಯ ಹಳ್ಳಿಯಲ್ಲಿ. ಅಲ್ಲಿಂದ ಬೊಲೆರೊ ಪಿಕಪ್ಪಿನಲ್ಲಿ ನಿಂತುಕೊಂಡೇ ಎಂಬತ್ತು ಕಿಲೋಮೀಟರ್ ಬಂದ ಹೆಣ್ಣು ಕುದುರೆ, ಹೆಸರು ರಾಣಿ. ಬಂದ ಕೂಡಲೇ ಜರಿಯ ಜೂಲು, ಗೆಜ್ಜೆ, ತಲೆಗೆ ತುರಾಯಿ. ಮುಂದೆ ಡಿಜೆ ಗಾಡಿ. ಆ ಅಫಜಲಪುರದ ಹುಡುಗ ಲಗಾಮಿನ ಸರಪಳಿ ಹಿಡಿದು ಒಂದು ಜಗ್ಗು ಜಗ್ಗಿದ, ಕೈಕೋಲಿನಿಂದ ಮುಂಗಾಲಿಗೆ ತಟ್ಟಿದ, ರಾಣಿ ಕುಣೀಲಿಕ್ಕೆ ಶುರು ಮಾಡಿದಳು. ಒಂದು ಕಾಲು, ಇನ್ನೊಂದು ಕಾಲು, ಎದೆಮಟ್ಟ ಎತ್ತಿ ಎತ್ತಿ. ಬಾಯಿ ತೆರೆದೇ ಇತ್ತು. ಕಣ್ಣಿನ ಬಿಳಿ ಭಾಗ ಕಾಣ್ತಿತ್ತು. ಜನ ನೋಟು ನಿವಾಳಿಸಿ ಹುಡುಗನ ಬಾಯಿಗೆ ಇಡ್ತಿದ್ದರು. "ಏನ್ ಕುಣೀತದಲೇ ಕುದುರಿ!" ಅಂತ ನನ್ನ ಪಕ್ಕದಲ್ಲಿದ್ದವರು ಒಬ್ಬರು ಕೂಗಿದರು. ನಾನೂ ವಿಡಿಯೋ ಮಾಡಿದೆ. ಮಾಡ್ತಾ ಮಾಡ್ತಾ ಝೂಮ್ ಮಾಡಿದಾಗ ಬಾಯಿಯ ಮೂಲೆಯಲ್ಲಿ ಇಳಿಯುತ್ತಿದ್ದ ಕೆಂಪು ಕಂಡಿತು.

ಆ ವಿಡಿಯೋವನ್ನು ನಾನು ಆಫೀಸಿನ ರೈಡಿಂಗ್ ಗುಂಪಿಗೆ ಕಳಿಸಿದೆ. ವಾರಾಂತ್ಯಕ್ಕೆ ಕುದುರೆ ಸವಾರಿ ಕಲಿಯುವ ಹದಿನಾಲ್ಕು ಜನರ ವಾಟ್ಸಾಪ್ ಗುಂಪು ಅದು. ಹತ್ತು ನಿಮಿಷದಲ್ಲಿ ಸಿಟ್ಟಿನ ಮುಖಗಳು, ಅಳುವ ಮುಖಗಳು. ಇಂಥವರನ್ನ ಜೈಲಿಗೆ ಹಾಕಬೇಕು ಅಂತ ಒಬ್ಬರು. ಹಳ್ಳಿಯವರಿಗೆ ಪ್ರಾಣಿ ಅಂದರೆ ವಸ್ತು ಅಂತ ಇನ್ನೊಬ್ಬರು. ಸರಿ, ಒಪ್ಪೋಣ. ಮಾರನೇ ದಿನ ಅದೇ ಗುಂಪಿನಲ್ಲಿ, ಅದೇ ಸಿಟ್ಟಿನ ಮುಖದವರೊಬ್ಬರು ತಮ್ಮ ಫೋಟೋ ಹಾಕಿದರು. ಬಿಳಿ ಬ್ರೀಚಸ್, ಕರಿ ಬೂಟು, ಕೆಳಗೆ ಬಿಲ್ಲಿನ ಹಾಗೆ ಕತ್ತು ಬಾಗಿಸಿಕೊಂಡ ಕುದುರೆ, ಅದರ ಗದ್ದ ಎದೆಗೆ ತಾಗುವಷ್ಟು ಒಳಗೆ. ಕೊನೆಗೂ ಕಲೆಕ್ಷನ್ ಸಿಕ್ಕಿತು ಅಂತ ಬರಹ. ಎಲ್ಲರೂ ಹೃದಯ ಒತ್ತಿದರು.

ನನ್ನ ಜಗಳ ಇರೋದು ಈ ಫೋಟೋದ ಜೊತೆ. ಮದುವೆಯ ವಿಡಿಯೋಗೂ ಈ ಫೋಟೋಗೂ ವ್ಯತ್ಯಾಸ ಬಟ್ಟೆಯದ್ದು ಮಾತ್ರ ಅಂತ ನಾನು ಹೇಳ್ತಿದ್ದೇನೆ. ನಿಮಗೆ ಅತಿ ಅನ್ನಿಸಬಹುದು. ಸ್ವಲ್ಪ ತಾಳಿ, ಮೊದಲು ಈ ಕಲೆಕ್ಷನ್ ಅನ್ನೋದು ಏನು ಅಂತ ನೋಡೋಣ.

ಕುದುರೆ ಸುಮ್ಮನೆ ನಿಂತಿದ್ದಾಗ ಅದರ ತೂಕದ ಹೆಚ್ಚುಕಡಿಮೆ 60 ಭಾಗ ಮುಂಗಾಲಿನ ಮೇಲೆ ಇರುತ್ತದೆ. ಆ ಉದ್ದ ಕತ್ತು, ಆ ಭಾರದ ತಲೆ ಮುಂದೆ ಚಾಚಿಕೊಂಡಿರುತ್ತಲ್ಲ, ಅದಕ್ಕೆ. ನಮ್ಮ ಹಾಗೆ ಅದಕ್ಕೆ ಕೊರಳೆಲುಬು ಇಲ್ಲ. ಇಡೀ ಎದೆಗೂಡು ಎರಡು ಹೆಗಲಿನ ನಡುವೆ ಬರೀ ಸ್ನಾಯುಗಳ ಜೋಲಿಯಲ್ಲಿ ತೂಗುತ್ತಾ ಇರುತ್ತದೆ. ಅದರ ಮೇಲೆ ನಾವು ಹೋಗಿ ಕೂತುಕೊಳ್ಳುವುದು ಎಲ್ಲಿ? ಮುಂಗಾಲಿಗೆ ಹತ್ತಿರ. ಅಂದರೆ ಭಾರ ಇರುವ ಕಡೆಗೇ ಇನ್ನಷ್ಟು ಭಾರ. ಹೀಗೆ ಮುಂದಕ್ಕೆ ಜಗ್ಗಿಕೊಂಡು ಓಡುವ ಕುದುರೆ ಮುಗ್ಗರಿಸುತ್ತದೆ, ಮುಂಗಾಲು ಬೇಗ ಕೆಡುತ್ತದೆ, ಬೆನ್ನು ಹಳ್ಳ ಬೀಳುತ್ತದೆ. ಇದಕ್ಕೆ ಸವಾರರು ಕಂಡುಕೊಂಡ ದಾರಿಯೇ ಕಲೆಕ್ಷನ್. ಹಿಂಗಾಲು ಹೊಟ್ಟೆಯ ಕೆಳಕ್ಕೆ ಮುಂದೆ ಬಂದು ಊರಬೇಕು. ಸೊಂಟ, ಮಂಡಿ, ಹಿಂಗೀಲು ಮೂರೂ ಮಡಚಿ ಭಾರ ಹೊರಬೇಕು. ಆಗ ಹಿಂಭಾಗ ಸ್ವಲ್ಪ ಕೆಳಗಿಳಿಯುತ್ತದೆ, ಹೊಟ್ಟೆಯ ಸ್ನಾಯು ಬಿಗಿದು ಬೆನ್ನು ಮೇಲೇಳುತ್ತದೆ, ಹೆಗಲು ಹಗುರಾಗುತ್ತದೆ. ಹೆಜ್ಜೆ ಚಿಕ್ಕದಾಗುತ್ತದೆ, ಆದರೆ ಎತ್ತರವಾಗುತ್ತದೆ. ಕತ್ತು ತಾನಾಗೇ ಮೇಲೆದ್ದು ಕಮಾನಾಗುತ್ತದೆ, ಮುಖ ತಾನಾಗೇ ನೇರಕ್ಕೆ ಬರುತ್ತದೆ. ಕತ್ತಿನ ಕಮಾನು ಈ ಎಲ್ಲಾ ಕೆಲಸದ ಕೊನೆಗೆ ಬರುವ ರಸೀದಿ. ನಾವು ಸಾಮಾನು ಕೊಳ್ಳದೆ ರಸೀದಿ ಮಾತ್ರ ಪ್ರಿಂಟ್ ಮಾಡಿಸಿಕೊಳ್ತಿದ್ದೇವೆ.

ಗರಡಿ ಮನೆ ನೋಡಿದವರಿಗೆ ಇದನ್ನು ಹೇಳೋದು ಸುಲಭ. ನಮ್ಮ ಕಡೆ ತಾಲೀಮು ಅನ್ನುತ್ತೇವೆ. ಕಲೆಕ್ಷನ್ ಅಂದರೆ ಬೈಠಕ್, ಅದೂ ಬೆನ್ನ ಮೇಲೆ ಎಪ್ಪತ್ತು ಕಿಲೋ ಹೊತ್ತು ಹಾಕುವ ಬೈಠಕ್. ಹೊಸ ಹುಡುಗನಿಗೆ ಮೊದಲ ದಿನವೇ ಉಸ್ತಾದ ನೂರು ಬೈಠಕ್ ಹೊಡೆಸೋದಿಲ್ಲ. ಹೊಡೆಸಿದರೆ ಹುಡುಗ ಮರುದಿನ ಬರೋದಿಲ್ಲ, ಬಂದರೂ ಮೆಟ್ಟಿಲು ಹತ್ತಲಾರ. ಕುದುರೆಗೆ ಮರುದಿನ ಬರದೇ ಇರುವ ಅವಕಾಶ ಇಲ್ಲ, ಅಷ್ಟೇ.

ಜರ್ಮನರು ಸವಾರಿ ಕಲಿಸೋದಕ್ಕೆ ಆರು ಮೆಟ್ಟಿಲು ಇಟ್ಟಿದ್ದಾರೆ. ಲಯ, ಸಡಿಲತೆ, ಬಾಯಿ ಮತ್ತು ಕೈಯ ನಡುವಿನ ಸಂಪರ್ಕ, ಹಿಂಗಾಲಿನ ನೂಕು, ನೇರ ನಡೆ, ಕಟ್ಟಕಡೆಗೆ ಕಲೆಕ್ಷನ್. ಕೊನೆಯ ಮೆಟ್ಟಿಲು ಅದು. ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿನ ಬಿಳಿ ಗಂಡುಕುದುರೆಗಳು ಅದನ್ನು ಪೂರ್ತಿ ಹತ್ತೋದಕ್ಕೆ ಸುಮಾರು ಆರು ವರ್ಷ ತಗೊಳ್ಳುತ್ತವೆ. ಕುದುರೆಯ ಬೆನ್ನೆಲುಬಿನ ಬೆಳವಣಿಗೆ ಮುಗಿಯೋದೇ ಐದಾರು ವರ್ಷಕ್ಕೆ. ಮದುವೆ ಕುದುರೆಗೆ ಎರಡು ತುಂಬುತ್ತಲೇ ಕುಣಿತ ಕಲಿಸ್ತಾರೆ. ನಮ್ಮ ರೈಡಿಂಗ್ ಸ್ಕೂಲಿನ ಕುದುರೆಗಳಲ್ಲಿ ಹೆಚ್ಚಿನವು ಎರಡೂವರೆ ಮೂರು ವರ್ಷಕ್ಕೇ ರೇಸಿಗೆ ಇಳಿದು, ಸೋತು, ಆರಕ್ಕೋ ಏಳಕ್ಕೋ ನಮ್ಮಂಥವರ ಕೈಗೆ ಬಿದ್ದವು. ಮುಂದೆ ಬಾಗಿ ಓಡೋದಕ್ಕೇ ಸಾಕಿ ಬೆಳೆಸಿದ ಮೈಯನ್ನು ಹಿಂದಕ್ಕೆ ಕೂರಿಸೋದಕ್ಕೆ ನಾವು ಕೊಡುವ ಸಮಯ? ಹನ್ನೆರಡು ಕ್ಲಾಸಿನ ಪ್ಯಾಕೇಜು.

ಈಗ ನನ್ನ ಕತೆ. ಆ ಪ್ಯಾಕೇಜು ಮುಗಿಸಿ ಎರಡನೆಯದಕ್ಕೆ ದುಡ್ಡು ಕಟ್ಟಿದ್ದೆ. ನನ್ನ ಪಾಲಿಗೆ ಬಂದದ್ದು ಒಂದು ಕಂದು ಬಣ್ಣದ ರೇಸ್ ಕುದುರೆ. ನಾನು ಕೂತರೆ ತಲೆ ಆಕಾಶಕ್ಕೆ ಎತ್ತಿಕೊಂಡು ಓಡ್ತಿತ್ತು. ಈಗ ಗೊತ್ತಾಗಿದೆ, ನಾನು ಜೀನಿನ ಮೇಲೆ ಗೋಣಿಚೀಲದ ಹಾಗೆ ಕುಕ್ಕುತ್ತಿದ್ದೆ, ಅದು ಬೆನ್ನು ತಪ್ಪಿಸಿಕೊಳ್ತಿತ್ತು. ಕಲಿಸುವವರು ಡ್ರಾ ರೇನ್ ಕಟ್ಟಿ ಕೊಟ್ಟರು. ಹೊಟ್ಟೆಪಟ್ಟಿಯಿಂದ ಹೊರಟು, ಬಾಯಿಯ ಕಡಿವಾಣದ ಬಳೆಯಲ್ಲಿ ತೂರಿ, ಸವಾರನ ಕೈಗೆ ಬರುವ ಉದ್ದನೆ ಪಟ್ಟಿ ಅದು. ಬಾವಿಯ ರಾಟೆ ಇದ್ದ ಹಾಗೆ. ನಾನು ಒಂದು ಪಾಲು ಎಳೆದರೆ ಕುದುರೆಯ ಬಾಯಿಗೆ ಎರಡು ಪಾಲು. ಮೊದಲ ದಿನವೇ ಕತ್ತು ಕಮಾನಾಯಿತು! ಫೋಟೋ ನಾನೂ ತೆಗೆಸಿಕೊಂಡೆ, ನಾನೂ ಗುಂಪಿಗೆ ಹಾಕಿದೆ. ಮೂರು ತಿಂಗಳು ಹೀಗೇ ನಡೀತು. ಒಂದು ಭಾನುವಾರ ಇಳಿದು ನೋಡಿದರೆ ಬಾಯಿಯ ನೊರೆ ಗುಲಾಬಿ. ಆಮೇಲೆ ಪಶುವೈದ್ಯರು ಬಂದು ಬೆನ್ನ ಮೇಲೆ ಎರಡು ಬೆರಳು ಇಟ್ಟರು, ಅಷ್ಟಕ್ಕೇ ಆ ಕುದುರೆ ಮಂಡಿ ಮಡಚಿ ಕೆಳಕ್ಕೆ ಕುಸಿಯಿತು. ಎಷ್ಟು ದಿನದಿಂದ ನೋಯುತ್ತಿತ್ತೋ. ಅದು ಬಾಯಿಬಿಟ್ಟು ಹೇಳಿರಲಿಲ್ಲ ಅಂತ ನಾನು ಹೇಳೋ ಹಾಗಿಲ್ಲ, ಬಾಲ ಬಡಿಯುತ್ತಾ ಹಲ್ಲು ಕಡಿಯುತ್ತಾ ಮೂರು ತಿಂಗಳು ಹೇಳಿತ್ತು. ನಾನು ಅದನ್ನು ಮೊಂಡುತನ ಅಂದುಕೊಂಡಿದ್ದೆ.

ಕಲಿಸಿದವರನ್ನು ದೂರಿ ನಾನು ಪಾರಾಗಬಹುದು. ಆದರೆ ಅವರು ಕೊಟ್ಟಿದ್ದು ನಾನು ಕೇಳಿದ್ದನ್ನೇ. ಆರು ತಿಂಗಳಲ್ಲಿ ಏನಾದರೂ ಕಾಣಬೇಕು ಅಂತ ಕೇಳಿದವನು ನಾನು. ನಮ್ಮ ಇಡೀ ವೃತ್ತಿಜೀವನ ಹದಿನೈದು ದಿನದ ಸ್ಪ್ರಿಂಟಿನ ಲೆಕ್ಕದಲ್ಲಿ ನಡೆಯುತ್ತೆ, ಕೊನೆಗೆ ಡೆಮೋ ತೋರಿಸಬೇಕು. ಕುದುರೆಯ ಮೈಯಲ್ಲಿ ಡೆಮೋ ತೋರಿಸೋಕೆ ಬರುವ ಭಾಗ ಕತ್ತು ಒಂದೇ. ಸವಾರನಿಗೆ ಮೇಲಿಂದ ಕಾಣೋದೂ ಅದೊಂದೇ.

ಇದೆಲ್ಲಾ ಯುರೋಪಿನ ಶಾಸ್ತ್ರ, ನಮ್ಮವರಿಗೇನು ಗೊತ್ತು ಅಂತ ಯಾರಾದರೂ ಅನ್ನೋ ಮೊದಲು ಒಂದು ಮಾತು. ಅಮರಕೋಶದಲ್ಲಿ ಕುದುರೆಯ ಐದು ಧಾರೆಗಳ ಪಟ್ಟಿ ಇದೆ: ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ. ಪಂಚಧಾರೆ ಅನ್ನುವುದು ಹಳಗನ್ನಡ ಓದಿದವರಿಗೆ ಗೊತ್ತಿರುವ ಮಾತೇ. ಇದರಲ್ಲಿ ವಲ್ಗಿತ ಅಂದರೆ ಏನು ಅಂತ 12ನೇ ಶತಮಾನದ ಜೈನ ಪಂಡಿತ ಹೇಮಚಂದ್ರ ತನ್ನ ನಿಘಂಟಿನಲ್ಲಿ ಬಿಡಿಸಿ ಹೇಳುತ್ತಾನೆ. ಮೈಯ ಮುಂಭಾಗ ಮೇಲೆದ್ದಿರಬೇಕು, ಮುಖ ಒಳಬಾಗಿರಬೇಕು, ತ್ರಿಕ ತಗ್ಗಿರಬೇಕು. ತ್ರಿಕ ಅಂದರೆ ಬೆನ್ನೆಲುಬಿನ ಬುಡ, ಸೊಂಟದ ಹಿಂಭಾಗ. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಡ್ರೆಸ್ಸಾಜ್ ತೀರ್ಪುಗಾರರು ಇವತ್ತು ನೋಡುವ ಮೂರು ಗುರುತುಗಳು ಒಂದೇ ಸಾಲಿನಲ್ಲಿವೆ. ನಾವು ಮೂರರಲ್ಲಿ ನಡುವಿನದನ್ನು ಮಾತ್ರ ಎತ್ತಿಕೊಂಡೆವು. ಮುಖ ಒಳಬಾಗಿಸಿದೆವು, ತ್ರಿಕವನ್ನು ಮರೆತೆವು.

ಅದೇ ಶತಮಾನದಲ್ಲಿ ಕಲ್ಯಾಣದಲ್ಲಿ ಕೂತು ಮೂರನೆಯ ಸೋಮೇಶ್ವರ ಮಾನಸೋಲ್ಲಾಸ ಬರೆಸಿದ. ಅದರಲ್ಲಿ ವಾಹ್ಯಾಳಿ ವಿನೋದ ಅಂತ ಕುದುರೆ ಆಡಿಸುವುದಕ್ಕೇ ಒಂದು ಭಾಗ ಇದೆ. ಕಲ್ಯಾಣ ಅಂದರೆ ಇವತ್ತಿನ ಬಸವಕಲ್ಯಾಣ, ಆಳಂದಕ್ಕೆ ನೆರೆ. ಇತ್ತ ಭೀಮೆಯ ದಂಡೆಯಲ್ಲಿ ಫಿರೋಜಾಬಾದ್ ಇದೆ, ಫಿರೋಜ್ ಶಾ ಬಹಮನಿ 1400ರ ಸುಮಾರಿಗೆ ಕಟ್ಟಿಸಿದ ಊರು, ಈಗ ಕೋಟೆಗೋಡೆಯ ನಡುವೆ ಬೆಳೆ ನಿಂತಿರುತ್ತದೆ. ಸಮುದ್ರ ದಾಟಿ ಬಂದ ಅರಬ್ ಕುದುರೆಗಳಿಗಾಗಿ ಬಹಮನಿಗಳೂ ವಿಜಯನಗರದವರೂ ಪೈಪೋಟಿಗೆ ಬಿದ್ದಿದ್ದರು. ಇದೇ ನದಿಯ ಮೇಲಿನ ಕಣಿವೆಯಲ್ಲಿ ಬೆಳೆದ ಗಿಡ್ಡ ಗಟ್ಟಿ ಕುದುರೆಗೆ ಭೀಮಥಡಿ ಅಂತ ಹೆಸರು. ಮರಾಠರ ಸೈನ್ಯ ಓಡಿದ್ದು ಅದರ ಮೇಲೆ, ಕುರಿ ಕಾಯುವ ಧನಗರರು ಇವತ್ತಿಗೂ ಗುಡಾರ, ಮರಿ, ಪಾತ್ರೆ ಹೊರಿಸಿಕೊಂಡು ಹೋಗೋದು ಅದರ ಮೇಲೆ. ಕರ್ನಾಲಿನ ರಾಷ್ಟ್ರೀಯ ಪಶು ತಳಿ ಸಂಸ್ಥೆ ಅದನ್ನು ಪ್ರತ್ಯೇಕ ತಳಿ ಅಂತ ಒಪ್ಪಿಕೊಂಡದ್ದು ಮಾತ್ರ ತೀರಾ ಈಚೆಗೆ, 2023ರ ಹೊತ್ತಿಗೆ. ದಾಖಲೆಯಲ್ಲಿ ಅದರ ತವರು ಮಹಾರಾಷ್ಟ್ರ. ಭೀಮೆ ಅಫಜಲಪುರಕ್ಕೂ ಬರ್ತಾಳೆ, ಜೇವರ್ಗಿಗೂ ಬರ್ತಾಳೆ, ಅದು ಬೇರೆ ಮಾತು.

ಇಷ್ಟು ಹೇಳಿದ್ದು ಹೆಮ್ಮೆಪಡಲಿಕ್ಕಲ್ಲ. ನಮ್ಮ ಕುದುರೆ ಕುಣಿತ ನಮ್ಮ ಪರಂಪರೆ ಅಂತ ಎದೆ ತಟ್ಟಿಕೊಳ್ಳುವವರಿಗೂ ನನ್ನ ಹತ್ತಿರ ಒಂದು ಮಾತಿದೆ. ಎರಡು ಬೇವಿನ ಮರದ ನಡುವೆ ಕುದುರೆಯನ್ನು ಎರಡೂ ಕಡೆ ಹಗ್ಗ ಬಿಗಿದು ನಿಲ್ಲಿಸಿ, ಹಲಗಿ ಬಾರಿಸ್ತಾ ಮುಂಗಾಲಿಗೆ ಕೋಲಿನಿಂದ ಬಡಿಯೋದು, ಬಾಯಲ್ಲಿ ಮುಳ್ಳಿನ ಕಡಿವಾಣ ಇಡೋದು, ಇದು ಯಾವ ಪರಂಪರೆ? ಕುದುರೆ ತಲೆ ಮೇಲೆತ್ತಿ, ಬೆನ್ನು ಹಳ್ಳ ಮಾಡಿ, ಹೆದರಿ ಕಾಲೆತ್ತುತ್ತದೆ. ಹಿಂಗಾಲು ಎಲ್ಲೋ ಹಿಂದೆ ಉಳಿದಿರುತ್ತದೆ. ಹೇಮಚಂದ್ರನ ಮೂರು ಗುರುತಿನಲ್ಲಿ ಒಂದೂ ಅದರಲ್ಲಿಲ್ಲ. ಎರಡು ಕಂಬದ ನಡುವೆ ಕಟ್ಟಿ ಕಲಿಸೋದನ್ನು 17ನೇ ಶತಮಾನದಲ್ಲಿ ಫ್ರಾನ್ಸಿನ ಪ್ಲುವಿನೆಲ್ ಎಂಬಾತ ಬಳಕೆಗೆ ತಂದ, ವಿಯೆನ್ನಾದಲ್ಲಿ ಇವತ್ತಿಗೂ ಆ ಕಂಬಗಳಿವೆ. ಹಾಗಾಗಿ ತಪ್ಪು ಮರದ್ದೂ ಅಲ್ಲ, ಹಗ್ಗದ್ದೂ ಅಲ್ಲ. ಅಲ್ಲಿಗೆ ಬರುವ ಮೊದಲು ಕುದುರೆಗೆ ಎಷ್ಟು ವರ್ಷ ಕೊಟ್ಟಿದ್ದಾರೆ ಅನ್ನೋದರದ್ದು. ಅದಕ್ಕೂ ಎರಡು ಸಾವಿರ ವರ್ಷ ಹಿಂದೆ ಗ್ರೀಸಿನ ಕ್ಸೆನೊಫೋನ್ ಸವಾರಿಯ ಬಗ್ಗೆ ಒಂದು ಪುಸ್ತಕ ಬರೆದ. ಬಲವಂತದಿಂದ ಮಾಡಿಸಿದ್ದರಲ್ಲಿ ಕುದುರೆಗೆ ತಿಳಿವಳಿಕೆಯೂ ಇರೋದಿಲ್ಲ, ನೋಡುವವರಿಗೆ ಚೆಲುವೂ ಇರೋದಿಲ್ಲ, ನರ್ತಕನಿಗೆ ಚಾಟಿಯಲ್ಲಿ ಹೊಡೆದು ಕುಣಿಸಿದ ಹಾಗೆ ಅದು ಅನ್ನೋದು ಅವನ ಮಾತಿನ ಸಾರ. ಡಿಜೆ ಗಾಡಿ ನೋಡಿದ್ದರೆ ಏನನ್ನುತ್ತಿದ್ದನೋ.

ಮತ್ತೆ ಯುರೋಪ್ ಸಾಚಾ ಅಂತಲೂ ತಿಳಿಯಬೇಡಿ. ಒಲಿಂಪಿಕ್ಸ್‌ನಲ್ಲಿ ಡ್ರೆಸ್ಸಾಜ್ ಚಿನ್ನ ಗೆದ್ದ ಬ್ರಿಟನ್ನಿನ ಶಾರ್ಲೆಟ್ ಡುಜಾರ್ಡಿನ್, 2024ರ ಪ್ಯಾರಿಸ್ ಒಲಿಂಪಿಕ್ಸ್ ಶುರುವಾಗುವ ಮೂರು ದಿನ ಮೊದಲು ಹಿಂದೆ ಸರಿಯಬೇಕಾಯಿತು. ಪಾಠ ಹೇಳುವಾಗ ಕುದುರೆಯ ಕಾಲಿಗೆ ಚಾಟಿಯಿಂದ ಮೇಲಿಂದ ಮೇಲೆ ಹೊಡೆದ ಹಳೇ ವಿಡಿಯೋ ಹೊರಬಂದಿತ್ತು. ಒಂದು ವರ್ಷ ನಿಷೇಧವಾಯಿತು. ನಮ್ಮವರು 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಡ್ರೆಸ್ಸಾಜ್ ತಂಡದ ಚಿನ್ನ ಗೆದ್ದಾಗ, 41 ವರ್ಷದ ಮೇಲೆ ಬಂದ ಕುದುರೆ ಸವಾರಿಯ ಚಿನ್ನ ಅಂತ ನಾವೆಲ್ಲ ಆಫೀಸಿನಲ್ಲಿ ಕೇಕ್ ತಿಂದೆವು. ಆ ನಾಲ್ಕೂ ಜನ ಎಷ್ಟೆಷ್ಟು ವರ್ಷ ಮನೆ ಬಿಟ್ಟು ಯುರೋಪಿನಲ್ಲಿ ಇದ್ದು ಕಲಿತರು ಅನ್ನೋದನ್ನು ಕೇಕ್ ತಿಂದವರಲ್ಲಿ ಯಾರೂ ಕೇಳಲಿಲ್ಲ. ನನ್ನ ಕ್ಲಾಸಿಗೆ ಹೊಸಬರು ಬಂದದ್ದು ಮಾತ್ರ ಅದೇ ವಾರ.

ಮದುವೆಯ ಮರುದಿನ ನಾನು ಮಾವನ ಹತ್ತಿರ ಹೋಗಿ ಕೂತೆ.

"ಮಾಮಾ, ಅದರ ಬಾಯಿ ನೋಡೀಯೇನು?"

"ದಿನಾ ನೋಡ್ತೀನಲ್ಲೋ ಅಳಿಯಾ. ಅರಿಷಿಣ ಎಣ್ಣಿ ಕಲಸಿ ಹಚ್ಚಾಂವ ಯಾರು, ನಾನಾ ಅಲ್ಲೇನು?"

"ಮತ್ತ ಆ ಮುಳ್ಳಿನ ಲಗಾಮು ಯಾಕ?"

"ಕುಣೀಲಿಲ್ಲಂದ್ರ ಯಾರ್ ಕರೀತಾರ? ಬರೇ ನಿಂದರೋ ಕುದುರಿ ಬ್ಯಾಡ ಅವರಿಗಿ. ನಿಂದರ್ಲಿಕ್ಕ ಥಾರ್ ಗಾಡಿ ಅದಲ್ಲ."

ಮಾವನ ಅಪ್ಪ ಟಾಂಗಾ ಹೊಡೆಯುತ್ತಿದ್ದರು. ಆಟೋ ಬಂತು, ಟಾಂಗಾ ಹೋಯಿತು. ಕುದುರೆಗೆ ಉಳಿದ ಕೆಲಸ ಮದುವೆ ಒಂದೇ, ಜೊತೆಗೆ ಅಷ್ಟಿಷ್ಟು ಜಾತ್ರೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 6.25 ಲಕ್ಷ ಕುದುರೆಗಳಿದ್ದವು, 2019ರಲ್ಲಿ 3.4 ಲಕ್ಷ. ಏಳು ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧ. ನನ್ನ ಗುಂಪಿನವರು ಕೇಳುವಂತೆ ಮದುವೆ ಕುದುರೆಯನ್ನು ಪೂರ್ತಿ ನಿಷೇಧ ಮಾಡಿ, ಉಳಿದ ಅರ್ಧವೂ ಹೋಗುತ್ತದೆ. ರಾಣಿಯನ್ನು ಮಾವ ಕಡಲೆ ಹಾಕಿ ಮುದ್ದಿಗೆ ಸಾಕಿಕೊಂಡಿರ್ತಾರೆ ಅಂತ ಯಾರಾದರೂ ನಂಬಿದ್ದರೆ, ಅವರು ಒಂದು ಸಲ ಕಡಲೆಯ ರೇಟು ವಿಚಾರಿಸಲಿ.

ನಿಷೇಧ ಬೇಕಾದ್ದಕ್ಕೆ ಆಗಲೇ ಇದೆ. ಮುಳ್ಳು, ಗುಬುಟು ಇರುವ ಕಡಿವಾಣವನ್ನು ಬಳಸಬಾರದು ಅಂತ ಕೇಂದ್ರದ ನಿಯಮ ಬಂದದ್ದು 1965ರಲ್ಲಿ, 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಅಡಿ. ನನ್ನ ಅಪ್ಪ ಹುಟ್ಟುವ ಮೊದಲಿನ ಮಾತು. ಕುದುರೆ ಸಾಮಾನು ಮಾರುವ ಜಾತ್ರೆಗಳಲ್ಲಿ ಅದು ಇವತ್ತಿಗೂ ಗೆಜ್ಜೆಸರದ ಪಕ್ಕದಲ್ಲೇ ನೇತಾಡುತ್ತದೆ. ಅಫಜಲಪುರದ ಆ ಹುಡುಗನನ್ನು ಜೈಲಿಗೆ ಹಾಕಿ ಅನ್ನುವವರು, ಅದನ್ನು ಮಾಡುವವನ ಬಗ್ಗೆ, ಮಾರುವವನ ಬಗ್ಗೆ, ಮುಖ್ಯವಾಗಿ ಅದನ್ನು ಬಾಡಿಗೆಗೆ ಕರೆಸಿದ ಮದುವೆ ಮನೆಯವರ ಬಗ್ಗೆ ಯಾಕೆ ಮಾತಾಡೋದಿಲ್ಲ? ಆಳಂದದ ಮದುವೆಯಲ್ಲಿ ಕುದುರೆಗೆ ದುಡ್ಡು ಕೊಟ್ಟದ್ದು ಮದುಮಗ. ಅವನೂ ಹೈದರಾಬಾದಿನಲ್ಲಿ ನಮ್ಮ ಹಾಗೇ ಲ್ಯಾಪ್‌ಟಾಪಿನ ಮುಂದೆ ಕೂರುವವನು.

ಹೇಗಾದರೂ ಆಗಲಿ ಅಂತ ಮಾವನನ್ನು ಒಪ್ಪಿಸಿದೆ. ಆಷಾಢದಿಂದ ದೀಪಾವಳಿವರೆಗೆ ಮದುವೆ ಕಡಿಮೆ. ಆ ಕೆಲವು ತಿಂಗಳು ನನಗೆ ಕೊಡು, ಖರ್ಚು ನನ್ನದು ಅಂದೆ. ತಿಂಗಳಿಗೊಂದು ಶುಕ್ರವಾರ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಊರಿಗೆ. ನನಗೆ ಹೇಳಿಕೊಟ್ಟದ್ದು ಬೆಂಗಳೂರಿನ ಒಬ್ಬ ಹಿರಿಯ ಸವಾರರು, ಫೋನಿನಲ್ಲಿ. ಅವರು ಹೇಳಿದ ಮೊದಲ ಮಾತು: ಎರಡು ತಿಂಗಳು ಹತ್ತಬೇಡ. ಹಲ್ಲಿನ ಚೂಪು ಉಜ್ಜಿಸಿದೆವು, ಜಂತುವಿನ ಔಷಧಿ ಹಾಕಿಸಿದೆವು, ಬಾಯಿ ಮಾಯಲಿಕ್ಕೆ ಬಿಟ್ಟೆವು. ಮಾವ ದಿನಾ ಸಂಜೆ ಬರೀ ಹಗ್ಗದಲ್ಲಿ ಹಿಡಿದು ಹೊಲದ ದಾರಿಯಲ್ಲಿ ನಡೆಸಿಕೊಂಡು ಬಂದರು. ಊರವರು ನಕ್ಕರು, ಕುದುರಿಗಿ ವಾಕಿಂಗ್ ಅಂತ. ಆಮೇಲೆ ಮುಳ್ಳಿಲ್ಲದ ನಯವಾದ ಕಡಿವಾಣ, ಮೆತ್ತನೆ ಜೀನು. ಕತ್ತು ಎಷ್ಟು ಬೇಕೋ ಅಷ್ಟು ಕೆಳಕ್ಕೆ ಚಾಚಲಿ ಅಂತ ವಾಘೆ ಉದ್ದ ಬಿಟ್ಟು ನಡಿಗೆ. ಎರಿ ಮಣ್ಣಿನ ಹೊಲದಲ್ಲಿ ಕಾಲೆತ್ತಿ ಇಡಬೇಕಲ್ಲ, ಅದೇ ಒಂದು ತಾಲೀಮು. ಮಳೆ ಹಿಡಿದಾಗ ಅದೂ ಆಗ್ತಿರಲಿಲ್ಲ, ಗೊರಸು ಹೂತು ಹೋಗ್ತಿತ್ತು. ಭೀಮೆ ತುಂಬಿ ಬಂದಾಗ ಹದಿನೈದು ದಿನ ಏನೂ ಇಲ್ಲ.

ಆಮೇಲೆ ನಿಲ್ಲು, ನಡೆ, ನಿಲ್ಲು. ಇಷ್ಟೇ. ನಿಲ್ಲಿಸುವಾಗ ವಾಘೆ ಎಳೆಯದೆ ನನ್ನ ಸೊಂಟ ಬಿಗಿ ಮಾಡಿ ಉಸಿರು ಬಿಡೋದು, ಅವಳು ಹಿಂಗಾಲು ಒಳಗೆ ಇಟ್ಟು ನಿಲ್ಲುವವರೆಗೆ ಕಾಯೋದು. ಎರಡು ಹೆಜ್ಜೆ ಹಿಂದಕ್ಕೆ, ಕೂಡಲೇ ಮುಂದಕ್ಕೆ. ಬದುವಿನ ಉದ್ದಕ್ಕೂ ನಡೆಸುವಾಗ ಹೆಗಲನ್ನು ಕೊಂಚ ಒಳಕ್ಕೆ ತಂದು, ಒಳಗಿನ ಹಿಂಗಾಲು ಹೊಟ್ಟೆಯ ಕೆಳಗೆ ಬಂದು ಊರುವ ಹಾಗೆ ಮಾಡೋದು. 18ನೇ ಶತಮಾನದಲ್ಲಿ ಗೆರಿನಿಯೇರ್ ಎಂಬ ಫ್ರೆಂಚ್ ಸವಾರ ತಿದ್ದಿ ತೀಡಿದ ಪಾಠ ಇದು, ತೊಗರಿ ಹೊಲದ ಬದುವಿಗೂ ಸರಿಹೊಂದುತ್ತದೆ. ಹತ್ತು ನಿಮಿಷ ಮಾಡಿ ಇಳಿದುಬಿಡೋದು. ಬೈಠಕ್ ನೆನಪಿರಲಿ.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ, ತೊಗರಿ ಕಟಾವಿಗೆ ಬಂದಿತ್ತು, ಬದುವಿನ ತುದಿಯಲ್ಲಿ ನಿಂತಿದ್ದವಳು ಟ್ರಾಟಿಗೆ ಹೊರಟಳು. ತಲೆ ಎತ್ತಲಿಲ್ಲ. ನನ್ನ ಕೆಳಗಿದ್ದ ಜೀನು ಮೇಲೆ ಬಂತು, ಯಾರೋ ಕೆಳಗಿಂದ ಅಂಗೈ ಕೊಟ್ಟು ಎತ್ತಿದ ಹಾಗೆ. ಕೈಯಲ್ಲಿದ್ದ ವಾಘೆಗೆ ತೂಕವೇ ಇಲ್ಲ. ಅವಳ ಕತ್ತು ಮುಂದೆ ಕಮಾನಾಗಿ ಏಳೋದು ಕಂಡಿತು, ನಾನು ಎಳೆದಿರಲೇ ಇಲ್ಲ. ನಾಲ್ಕು ಹೆಜ್ಜೆ. ಐದನೆಯದಕ್ಕೆ ನಾನು ಖುಷಿಯಲ್ಲಿ ಮುಂದೆ ಬಾಗಿ ಎಲ್ಲಾ ಕೆಡಿಸಿದೆ.

ಬಾವಿಕಟ್ಟೆಯ ಮೇಲೆ ಕೂತಿದ್ದ ಮಾವ ಎದ್ದು ನಿಂತಿದ್ದರು. "ಈಗ ಏನ್ ಮಾಡ್ದಿ ಅದಕ್ಕ?"

"ಏನೂ ಮಾಡಿಲ್ಲ ಮಾಮಾ."

"ಅದಾ ಮತ್ತ," ಅಂದರು. ಬಂದು ಅವಳ ಹೆಗಲು ತಟ್ಟಿದರು. ಹರೆಯದಲ್ಲಿ ಗರಡಿ ಮನೆಯಲ್ಲಿ ಮೈ ಮುರಿದವರು ಅವರು. ಮೈ ತಾನಾಗೇ ಕೂಡಿ ಬಂದದ್ದು ಅಂದರೇನು ಅಂತ ನನಗಿಂತ ಚೆನ್ನಾಗಿ ಗೊತ್ತಿತ್ತು.

ಇಲ್ಲಿಗೆ ಮುಗಿದಿದ್ದರೆ ಇದು ಒಳ್ಳೇ ಕತೆ. ಫೆಬ್ರವರಿಯಲ್ಲಿ ಅಫಜಲಪುರದಲ್ಲಿ ಒಂದು ಮದುವೆ. ನಯವಾದ ಕಡಿವಾಣದಲ್ಲೇ ಹೋದಳು. ಮೆರವಣಿಗೆಯ ಉದ್ದಕ್ಕೂ ಮದುಮಗ ಅಲುಗಾಡದೆ ಕೂತಿದ್ದನಂತೆ, ಹಾಗೆ ನಡೆದಳಂತೆ. ಡಿಜೆ ಗಾಡಿಯ ಮುಂದೆ ನಿಲ್ಲಿಸಿದಾಗ ನಿಂತಳು. ಕುಣಿಯಲಿಲ್ಲ. ಹುಡುಗರು ಸೀಟಿ ಹೊಡೆದರು, ಯಾರೋ ಬಾಲ ಎಳೆದರು. ಕುದುರಿ ಸತ್ತಂಗದ, ದುಡ್ಡು ಹ್ಯಾಂಗ ಕೊಡ್ಬೇಕು ಅಂತ ಮನೆಯವರು ಅರ್ಧ ಬಾಡಿಗೆ ಕತ್ತರಿಸಿದರು. ಮುಂದಿನ ವಾರದ ಎರಡು ಬುಕಿಂಗ್ ಬೇರೆಯವರ ಕುದುರೆಗೆ ಹೋಯಿತು. ಮಾರ್ಚಿನಲ್ಲಿ ಮಾವ ಮತ್ತೆ ಮುಳ್ಳಿನ ಲಗಾಮು ಹಾಕಿದರು. ಮುಚ್ಚಿಡಲಿಲ್ಲ, ತಾವೇ ಫೋನ್ ಮಾಡಿ ಹೇಳಿದರು. ನಾನು ಬಾಯಿಗೆ ಬಂದ ಹಾಗೆ ಕೂಗಾಡಿದೆ. ಎಲ್ಲ ಕೇಳಿಸಿಕೊಂಡು, "ನೀ ತಿಂಗಳಿಗೊಮ್ಮಿ ಬರ್ತಿ, ಅದು ದಿನಾ ತಿಂತದ," ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾಗಿ ನಾನು ಈಗ ಬಯ್ಯುತ್ತಿರೋದು ಮಾವನನ್ನಲ್ಲ. ಈ ಪುಟ ಓದುತ್ತಿರುವ ನಿಮ್ಮಲ್ಲಿ ಮುಂದಿನ ವರ್ಷ ಮದುವೆ ಆಗುವವರು ಇದ್ದೀರಿ, ತಮ್ಮನ ಮದುವೆಗೆ ಕುದುರೆ ಬುಕ್ ಮಾಡುವವರು ಇದ್ದೀರಿ. ಕುಣಿಯುವ ಕುದುರೆ ಬೇಕು ಅಂತ ಕೇಳುವವರು ನೀವೇ, ಕುಣಿದಾಗ ಬಾಯಿ ನೋಡಿ ಅಳುವವರೂ ನೀವೇ. ಕುದುರೆ ಬಂದ ಕೂಡಲೇ ಬಾಯಿ ತೆರೆಸಿ ಕಡಿವಾಣ ನೋಡಿ. ಮುಳ್ಳಿದ್ದರೆ ಬಿಚ್ಚಿಸಿ, ಆದರೆ ಬಾಡಿಗೆ ಪೂರ್ತಿ ಕೊಡಿ. ನಡೆದರೆ ಸಾಕು, ಕುಣಿಯೋದು ಬೇಡ ಅಂತ ಬುಕಿಂಗ್ ಮಾಡುವಾಗಲೇ ಹೇಳಿ. ಇನ್ನು ರೈಡಿಂಗ್ ಕಲಿಯುವವರು ಕತ್ತಿನ ಫೋಟೋ ಹಾಕೋದು ನಿಲ್ಲಿಸಿ, ಹಾಕಲೇಬೇಕಿದ್ದರೆ ಪಕ್ಕದಿಂದ ತೆಗೆದ ವಿಡಿಯೋ ಹಾಕಿ, ಹಿಂಗಾಲು ಎಲ್ಲಿ ಬೀಳುತ್ತಿದೆ ಅಂತ ಎಲ್ಲರೂ ನೋಡಲಿ. ನನ್ನ ಹಳೇ ಫೋಟೋ ಆ ಗುಂಪಿನಲ್ಲಿ ಇನ್ನೂ ಇದೆ, ಹುಡುಕಿದರೆ ಸಿಗುತ್ತೆ.

ಮೊನ್ನೆ ಮಾವನ ಫೋನ್ ಬಂತು. ಜಗಳದ ಮಾತು ಎತ್ತಲಿಲ್ಲ. ರಾಣಿಗೆ ಹೊಸ ಲಾಳ ಹೊಡೆಸಿದ್ದು, ಬಿಸಿಲು, ಕಣಿಕಿ ತುಟ್ಟಿಯಾದದ್ದು ಎಲ್ಲಾ ಹೇಳಿ, ಇಡುವ ಮೊದಲು ಕೇಳಿದರು:

"ಅಳಿಯಾ, ನಿಮ್ಮ ಆಫೀಸಿನ್ಯಾಗ ಯಾರದರ ಲಗ್ನ ಅದ ಏನೋ, ಡಿಜೆ ಇಲ್ದಿದ್ದು?"